ಜೋಡಿಸುವ ಸಿಂಹಾಸನ, ಒಡೆದು ಹಂಚಿದ ಸಿಂಹಾಸನ

ಅರಸರ ಕಾಲದ ಮರಗೆಲಸ, ಲೋಹದ ಕೆಲಸ ಓದುವಾಗ ಸುಮ್ನೆ ಹೆಸರು, ಇಸವಿ ಬಾಯಿಪಾಠ ಮಾಡಿದರೆ ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ನನಗೆ ವಿಷಯ ಹಿಡಿತಕ್ಕೆ ಬಂದದ್ದು ಮೈಸೂರು ಸೀಮೆಯ ಎರಡು ಸಿಂಹಾಸನಗಳನ್ನು ಜೊತೆಗಿಟ್ಟು ನೋಡಿದಾಗ.

ಮೊದಲು ಟಿಪ್ಪು ಸುಲ್ತಾನನದು. ಎಂಟು ಮೂಲೆಯ ಪೀಠ, ಮರದ ಮೇಲೆ ಚಿನ್ನದ ತಗಡು. ಪೀಠದ ಕೆಳಗೆ ದೊಡ್ಡ ಹುಲಿತಲೆ, ಅದಕ್ಕೆ ಸ್ಫಟಿಕದ ಹಲ್ಲು. ಸುತ್ತಲಿನ ಕಟಕಟೆಯ ಮೇಲೆ ರತ್ನ ಕೂರಿಸಿದ ಪುಟ್ಟ ಹುಲಿತಲೆಗಳು. ಮೇಲಿನ ಛತ್ರಿಯ ತುದಿಯಲ್ಲಿ ಹುಮಾ ಪಕ್ಷಿ. ಈ ಹಕ್ಕಿಯ ನೆರಳು ಯಾರ ಮೇಲೆ ಬೀಳುತ್ತದೋ ಅವನು ರಾಜನಾಗುತ್ತಾನೆ ಎನ್ನುವುದು ಪರ್ಷಿಯಾದ ನಂಬಿಕೆ. ಟಿಪ್ಪು ಹುಲಿಯ ಗುರುತನ್ನು ಸಿಂಹಾಸನಕ್ಕಷ್ಟೇ ಇಟ್ಟುಕೊಳ್ಳಲಿಲ್ಲ. ಸೈನಿಕರ ಬಟ್ಟೆ, ಫಿರಂಗಿ, ಕತ್ತಿಯ ಹಿಡಿ, ಎಲ್ಲದರಲ್ಲೂ ಹುಲಿಯೋ ಹುಲಿಪಟ್ಟೆಯೋ ಇರುತ್ತಿತ್ತು. ಓದು ಬಾರದವನಿಗೂ ಅದು ಯಾರ ವಸ್ತು ಎಂದು ದೂರದಿಂದಲೇ ತಿಳಿಯುತ್ತಿತ್ತು.

ಇಂಗ್ಲಿಷರನ್ನು ಸೋಲಿಸುವ ತನಕ ಇದನ್ನು ಹತ್ತುವುದಿಲ್ಲ ಎಂದು ಅವನು ಶಪಥ ಮಾಡಿದ್ದನೆಂಬ ಮಾತಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಲೂಟಿಯ ಮಾಲನ್ನು ಸೈನ್ಯದಲ್ಲಿ ಅವರವರ ದರ್ಜೆಯ ಪ್ರಕಾರ ಹಂಚಬೇಕಿತ್ತು. ಇಡೀ ಸಿಂಹಾಸನವನ್ನು ಹಂಚುವುದು ಹೇಗೆ? ಒಡೆದೇಬಿಟ್ಟರು. ಇಡಿಯಾಗಿ ಇಂಗ್ಲೆಂಡಿಗೆ ಕಳಿಸಲಾಗಲಿಲ್ಲವಲ್ಲ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಆಮೇಲೆ ಬೇಸರಪಟ್ಟು ಬರೆದ. ದೊಡ್ಡ ಹುಲಿತಲೆ ಮತ್ತು ಹುಮಾ ಪಕ್ಷಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಪುಟ್ಟ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು ದೇಶದ ಹೊರಗೆ ಹೋಗದಂತೆ 2021ರಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಆಗ ಅದಕ್ಕೆ ಕಟ್ಟಿದ ಬೆಲೆ 15 ಲಕ್ಷ ಪೌಂಡ್. ಇಲ್ಲಿಂದ ಒಯ್ದದ್ದು ತಮ್ಮಿಂದ ಆಚೆ ಹೋಗಬಾರದು ಎಂದು ಅವರು ತಡೆದದ್ದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಇನ್ನೊಂದು ಒಡೆಯರ ರತ್ನ ಸಿಂಹಾಸನ. ಇದರ ಕಥೆಯನ್ನು ಪಾಂಡವರವರೆಗೂ ಒಯ್ಯುತ್ತಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಇದನ್ನೇರಿದರು ಎನ್ನುತ್ತಾರೆ. ನೀವು ಗಮನಿಸಬೇಕಾದದ್ದು ಇದರ ಮರ. ಮೂಲತಃ ಇದು ದಂತದ ಹಲಗೆ ಹೊದಿಸಿದ ಅತ್ತಿ ಮರದ ಪೀಠ. ಚಿನ್ನ ಬೆಳ್ಳಿಯ ಕೆಲಸ ಬಂದದ್ದು ಆಮೇಲೆ. ಬಡಗಿಯನ್ನು ಕೇಳಿ ನೋಡಿ, ಅತ್ತಿ ಮೆತ್ತನೆಯ ಮರ, ಬಾಳಿಕೆ ಕಡಿಮೆ. ತೇಗ, ಬೀಟೆ ಬೇಕಾದಷ್ಟು ಬೆಳೆಯುವ ಸೀಮೆಯಲ್ಲಿ ಅತ್ತಿ ಯಾಕೆ? ಋಗ್ವೇದಕ್ಕೆ ಸೇರಿದ ಐತರೇಯ ಬ್ರಾಹ್ಮಣ ಎಂಬ ಹಳೆಯ ಗ್ರಂಥದಲ್ಲಿ ಪಟ್ಟಾಭಿಷೇಕದ ಪೀಠಕ್ಕೆ ಹೇಳಿರುವುದು ಇದೇ ಮರ. ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ. ಹೊರಗಿನ ಚಿನ್ನ ಸಿರಿಯನ್ನು ತೋರಿಸಿದರೆ, ಒಳಗಿನ ಅತ್ತಿ ಆಳುವ ಹಕ್ಕನ್ನು ಹೇಳುತ್ತದೆ.

ಇದೂ ಬಿಡಿಬಿಡಿಯಾಗುವ ಸಿಂಹಾಸನವೇ. ವರ್ಷವಿಡೀ ಭಾಗಗಳು ಅರಮನೆಯ ಭದ್ರತಾ ಕೋಣೆಯಲ್ಲಿರುತ್ತವೆ. ದಸರೆಗೆ ಮುಂಚೆ ಹೊರತಂದು ಜೋಡಿಸುತ್ತಾರೆ. ಆದರೆ ಸಿಂಹದ ಮುಖವನ್ನು ಆಗ ಸೇರಿಸುವುದಿಲ್ಲ. ಅದಕ್ಕೆ ನವರಾತ್ರಿಯ ಮೊದಲ ದಿನದ ಮುಹೂರ್ತವೇ ಬೇಕು. ಮುಖ ಸೇರಿದ ಮೇಲೆ ಪೂಜೆ, ಆಮೇಲೆ ಖಾಸಗಿ ದರ್ಬಾರು. ಹಬ್ಬದ ಕೊನೆಗೆ ಮತ್ತೆ ಮುಖ ತೆಗೆಯುತ್ತಾರೆ. ಅಂದರೆ ಇದಕ್ಕೆ ಸಿಂಹಾಸನದ ಪಟ್ಟ ಸಿಗುವುದು ಆ ಕೆಲವೇ ದಿನ.

ಛತ್ರಿಯ ಅಂಚಿನಲ್ಲಿ ಕೃಷ್ಣರಾಜ ಒಡೆಯರನ್ನು ಹರಸುವ ಸಂಸ್ಕೃತ ಶ್ಲೋಕಗಳಿವೆ. ಅದರ ತುದಿಯಲ್ಲಿ ಯಾವ ಹಕ್ಕಿ ಗೊತ್ತಾ? ಇಲ್ಲೂ ಹುಮಾ! ಅಚ್ಚರಿ ಅಲ್ವಾ? ಆದರೆ ವಿಜಯನಗರದ ಅರಸರು ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ಹೊತ್ತಿದ್ದನ್ನು ನೆನೆಸಿಕೊಳ್ಳಿ. ಸುರತ್ರಾಣ ಎಂದರೆ ಸುಲ್ತಾನ. ದಖ್ಖನಿನ ದರ್ಬಾರುಗಳು ಯುದ್ಧದ ನಡುವೆಯೂ ಒಬ್ಬರ ಠೀವಿಯನ್ನು ಇನ್ನೊಬ್ಬರು ಕಲಿಯುತ್ತಿದ್ದವು.

ದಸರೆಯಲ್ಲಿ ಸಿಂಹಾಸನ ನೋಡಲು ಹೋದರೆ ಎಲ್ಲರ ಕಣ್ಣೂ ಮೊದಲು ಪೀಠದ ಚಿನ್ನದ ಮೇಲೆ ಬೀಳುತ್ತದೆ. ನೀವು ಸ್ವಲ್ಪ ತಲೆಯೆತ್ತಿ, ಆ ಹಕ್ಕಿಯಿಂದ ಶುರುಮಾಡಿ.