ಮಲ್ಪೆಯ ಕಲ್ಲುಕಂಬಗಳು ಮಡಗಾಸ್ಕರ್‌ಗೆ ಏನಾಗಬೇಕು?

ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ಪಡುವಣಕ್ಕಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಅಲ್ಲಿನ ಕಲ್ಲುಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತೋನ್ಸೆಪಾರ್ ಎಂದು ಊರವರು ಕರೆಯುವ ಈ ತೆಂಗಿನ ದ್ವೀಪ ತೀರಾ ಪುಟ್ಟದು. ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರಿನಷ್ಟು ಅಗಲ. ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚಾಗಿರುವ ದಂಡೆ, ಅದರ ಅಂಚಿನಲ್ಲಿ ಐದು, ಆರು, ಏಳು ಮುಖಗಳ ಕಂಬಗಳ ಸಾಲು. ಎತ್ತರದವು ಆರು ಮೀಟರಿನವರೆಗೂ ಇವೆ. ಯಾರೋ ಶಿಲ್ಪಿ ಚಾಣದಿಂದ ಕಡೆದು ನಿಲ್ಲಿಸಿದಂತೆ ಕಂಡರೂ ಇಲ್ಲಿ ಮನುಷ್ಯನ ಕೈವಾಡವೇನೂ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಕಂಬಗಳು ಮೂಡಿದ್ದು ಲಾವಾ ತಣಿದ ಬಗೆಯಿಂದ. ದಪ್ಪನಾಗಿ ಹರಡಿ ನಿಂತ ಲಾವಾ ಮೊದಲು ಮೇಲ್ಮೈಯಲ್ಲಿ ತಣಿದು ಗಟ್ಟಿಯಾಗುತ್ತದೆ. ತಣಿದ ಕಲ್ಲು ಕುಗ್ಗಬೇಕು. ಆದರೆ ಅಕ್ಕಪಕ್ಕದ ಕಲ್ಲೂ ಕುಗ್ಗಲು ಹೊರಟಿರುವುದರಿಂದ ಯಾವುದಕ್ಕೂ ಸರಿಯಲು ಜಾಗವಿರುವುದಿಲ್ಲ. ಕೊನೆಗೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರಿನಂತೆ ಮೈಯೆಲ್ಲ ಬಿರುಕು ಬಿಡುತ್ತದೆ. ಕೆರೆಯ ಬಿರುಕು ಗೇಣು ಆಳಕ್ಕೆ ನಿಂತರೆ, ಲಾವಾದ ಬಿರುಕು ಶಾಖ ಒಳಗಿನಿಂದ ಹೊರಹೋಗುತ್ತಿದ್ದಂತೆ ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕಿಳಿಯುತ್ತಲೇ ಹೋಗುತ್ತದೆ. ಮೊದಮೊದಲು ಬಿರುಕುಗಳು ಒಂದನ್ನೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿ ಸಂಧಿಸುತ್ತವೆ. ಆಳಕ್ಕೆ ಹೋದಂತೆ ಆ ಸಂಧಿಗಳು ಸರಿಹೊಂದಿಕೊಂಡು, ಮೂರು ಬಿರುಕುಗಳು ಸುಮಾರು 120 ಡಿಗ್ರಿಯಲ್ಲಿ ಕೂಡುವ ಕಡೆಗೆ ವಾಲುತ್ತವೆ. ಕಡಿಮೆ ಬಿರುಕಿನಲ್ಲಿ ಹೆಚ್ಚು ಬಿಗಿತ ಸಡಿಲಿಸುವ ದಾರಿ ಅದು. ಷಟ್ಕೋನ ಹುಟ್ಟುವುದು ಹೀಗೆ. ನಿಸರ್ಗಕ್ಕೆ ರೇಖಾಗಣಿತದ ಹಟವಿಲ್ಲದ ಕಾರಣ ಐದು, ಏಳು ಮುಖದವೂ ನಡುವೆ ಸೇರಿಕೊಂಡಿರುತ್ತವೆ.

ಬಿರುಕು ಯಾವ ಬಿಸಿಯಲ್ಲಿ ಬೀಳುತ್ತದೆ ಎಂಬುದು ಬಹುಕಾಲದ ಒಗಟಾಗಿತ್ತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಐಸ್‌ಲ್ಯಾಂಡಿನ ಬಸಾಲ್ಟ್ ಎಂಬ ಕಪ್ಪು ಲಾವಾಕಲ್ಲಿನ ತುಂಡುಗಳ ಎರಡೂ ತುದಿಗಳನ್ನು ಬಿಗಿಹಿಡಿದು, ಕಾಯಿಸಿ, ಆರಲು ಬಿಟ್ಟು, ಯಾವಾಗ ಮುರಿಯುತ್ತವೆ ಎಂದು ನೋಡಿದರು. 2018ರಲ್ಲಿ ಪ್ರಕಟವಾದ ಅವರ ಉತ್ತರ 840ರಿಂದ 890 ಡಿಗ್ರಿ ಸೆಲ್ಸಿಯಸ್. ಕಣ್ಣಿಗೆ ಕೆಂಪಗೆ ಹೊಳೆಯುತ್ತಿರುವಾಗಲೇ ಕಲ್ಲು ಕಂಬವಾಗಿ ಸೀಳಿರುತ್ತದೆ. ಬಿರುಕು ತಣಿಯುವ ಮೇಲ್ಮೈಗೆ ಲಂಬವಾಗಿ ಸಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಂಡರೆ, ಎಲ್ಲಾದರೂ ಕಂಬ ವಾಲಿದ್ದನ್ನು ಕಂಡಾಗ ಶಾಖ ಯಾವ ದಿಕ್ಕಿಗೆ ಹೊರಹೋಗಿತ್ತು ಎಂದು ನೀವೇ ಹೇಳಬಹುದು. ನಿಧಾನವಾಗಿ ತಣಿದರೆ ಕಂಬ ದಪ್ಪ, ಬೇಗ ತಣಿದರೆ ತೆಳು.

ಇಷ್ಟು ವಿವರಣೆ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿನ ಇಂಥದೇ ಕಲ್ಲುಕಂಬಗಳಿಗೂ ಸಲ್ಲುತ್ತದೆ. ಮಲ್ಪೆಯ ಕಲ್ಲಿಗೆ ಇದಕ್ಕಿಂತ ದೊಡ್ಡ ಕಥೆಯಿದೆ, ಪ್ರವಾಸಿ ಬರಹಗಳು ತಪ್ಪುವುದೂ ಅಲ್ಲೇ. ಲಾವಾ ಎಂದ ಕೂಡಲೇ ಅವು 'ಬಸಾಲ್ಟ್' ಎಂದು ಬರೆದುಬಿಡುತ್ತವೆ. ಓದಿದವರಿಗೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ನೆಲದಡಿ ಹಾಸಿರುವ ದಖನ್ನಿನ ಕಪ್ಪು ಕಲ್ಲು ನೆನಪಾಗುತ್ತದೆ. ದಖನ್ನಿನ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದ್ವೀಪದ ಕಲ್ಲು ಅದಕ್ಕಿಂತ ಎರಡು ಕೋಟಿ ವರ್ಷವಾದರೂ ಹಳೆಯದು. ಅದರಲ್ಲಿ ಸಿಲಿಕಾ ಹೆಚ್ಚು, ಬಣ್ಣ ತಿಳಿ. ಭೂವಿಜ್ಞಾನಿಗಳು ಇದನ್ನು ಡೇಸೈಟ್, ರಯೋಲೈಟ್ ಎಂಬ ಗುಂಪಿಗೆ ಸೇರಿಸುತ್ತಾರೆ.

ವಯಸ್ಸಿನ ವಿಷಯದಲ್ಲಿ ಚಿಕ್ಕದೊಂದು ತಕರಾರಿದೆ. ಕಲ್ಲಿನೊಳಗಿನ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಸೀಸವಾಗಿ ಬದಲಾದ ಲೆಕ್ಕ ಹಿಡಿದರೆ ಸುಮಾರು 9.1 ಕೋಟಿ ವರ್ಷ, ಆರ್ಗಾನ್ ಅನಿಲದ ಲೆಕ್ಕ ಹಿಡಿದರೆ ಸುಮಾರು 8.6 ಕೋಟಿ. ಯಾವುದನ್ನು ಒಪ್ಪಿದರೂ ಅದು ನಮ್ಮನ್ನು ಕರೆದೊಯ್ಯುವುದು ಒಂದೇ ಕಡೆಗೆ. ಅದೇ ಅವಧಿಯಲ್ಲಿ ಮಡಗಾಸ್ಕರ್‌ನ ಉದ್ದಗಲಕ್ಕೂ ಲಾವಾ ಉಕ್ಕುತ್ತಿತ್ತು. ಆಗ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡೇ ಇತ್ತು. ಎರಡೂ ಸೇರಿ ಇದ್ದದ್ದು ಭೂಮಧ್ಯರೇಖೆಯಿಂದ ಬಹಳ ದಕ್ಷಿಣದಲ್ಲಿ. ತಣಿಯುವಾಗ ಕಲ್ಲು ತನ್ನೊಳಗೆ ಹಿಡಿದಿಟ್ಟುಕೊಂಡ ಕಾಂತೀಯ ಗುರುತು ಇಂದಿಗೂ ಅದನ್ನು ಹೇಳುತ್ತದೆ.

ಈ ನಂಟಿಗೆ ಬೇರೆ ಸಾಕ್ಷಿಗಳೂ ಇವೆ. ನಕಾಶೆಯಲ್ಲಿ ಮಡಗಾಸ್ಕರ್‌ನ ಪೂರ್ವ ಕರಾವಳಿಯನ್ನು ನೋಡಿ, ಅಡ್ಡಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ನಮ್ಮ ಪಶ್ಚಿಮ ಕರಾವಳಿಯೂ ಬಹುಮಟ್ಟಿಗೆ ಹಾಗೆಯೇ. ಮಡಗಾಸ್ಕರ್‌ನ ಈಶಾನ್ಯದ ಅಂತೊಂಗಿಲ್ ಪ್ರದೇಶದಲ್ಲಿ ಮುನ್ನೂರು ಕೋಟಿ ವರ್ಷ ದಾಟಿದ ನೈಸ್ ಶಿಲೆಗಳಿವೆ. ಕರಾವಳಿಯ ಮುರಕಲ್ಲಿನ ಹೊದಿಕೆಯ ಅಡಿಯಲ್ಲಿರುವ ನಮ್ಮ ಧಾರವಾಡ ಶಿಲಾಸ್ತೋಮದೊಂದಿಗೆ ಅವುಗಳನ್ನು ಅನೇಕ ಭೂವಿಜ್ಞಾನಿಗಳು ಜೋಡಿಸಿ ನೋಡುತ್ತಾರೆ. ಬಾಂಧವ್ಯ ಮುರಿದ ಮೇಲೆ ಮಡಗಾಸ್ಕರ್ ಆಫ್ರಿಕಾದ ಪಕ್ಕದಲ್ಲೇ ಉಳಿಯಿತು. ಭಾರತ ಉತ್ತರಕ್ಕೆ ಓಡಿತು, ದಾರಿಯಲ್ಲಿ ಸೇಶೆಲ್ಸ್ ಎಂಬ ಚೂರನ್ನೂ ಬಿಟ್ಟುಕೊಟ್ಟಿತು. ಇಂದು ಮಲ್ಪೆಗೂ ಮಡಗಾಸ್ಕರ್‌ಗೂ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಸಮುದ್ರ. ಇದನ್ನು ಎರಡೂ ಬೇರ್ಪಟ್ಟು ಕಳೆದ ಸುಮಾರು 8.8 ಕೋಟಿ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್ ಬರುತ್ತದೆ. ಇದು ಬರಿಯ ಸರಾಸರಿ. ನಡುವೆ ಒಂದು ಕಾಲದಲ್ಲಿ ಭಾರತದ ಓಟ ಇದರ ಮೂರು ಪಟ್ಟಿಗೂ ಹೆಚ್ಚಿತ್ತು.

ಇಷ್ಟೆಲ್ಲ ಇದ್ದೂ ದ್ವೀಪಕ್ಕೆ ಹೆಸರು ಬಂದದ್ದು ವಾಸ್ಕೋ ಡ ಗಾಮನಿಂದ. ಅವನು ಕೋಯಿಕ್ಕೋಡಿಗೆ ಹೋಗುವ ಮುನ್ನ ಇಲ್ಲಿ ಇಳಿದನೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಆ ಯಾನದ ದಿನಚರಿ ಹೇಳುವುದು ಬೇರೆ. ಸಾಂತಾ ಮರಿಯಾ ಹೆಸರಿನ ಕಂಬವನ್ನು ಅವರು ಕರಾವಳಿಯ ಪುಟ್ಟ ದ್ವೀಪವೊಂದರಲ್ಲಿ ನೆಟ್ಟದ್ದು 1498ರ ಸೆಪ್ಟೆಂಬರಿನಲ್ಲಿ, ಅಂದರೆ ಮರಳಿ ಹೋಗುವಾಗ. ಕಂಬಗಳೇ ತುಂಬಿರುವ ಜಾಗಕ್ಕೆ ಇನ್ನೊಂದು ಕಂಬ ಹೊತ್ತು ತಂದದ್ದು ತಮಾಷೆಯೇ ಸರಿ.

ನೋಡಲು ಹೋಗುವವರು ಸಮುದ್ರದ ಇಳಿತದ ಹೊತ್ತನ್ನು ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ನೀರು ಹಿಂದೆ ಸರಿದಾಗ ಅಲೆಗಳು ಸವೆಸಿದ ಕಂಬಗಳ ತಲೆಗಳು ನೆಲಹಾಸಿನಂತೆ ಬಯಲಾಗುತ್ತವೆ, ಬಿರುಕುಗಳು ಕೂಡುವ ಕೋನವನ್ನು ಅಲ್ಲಿ ಬಗ್ಗಿ ನೋಡಬಹುದು. ಪಾಚಿ ಹತ್ತಿದ ಕಲ್ಲು ಜಾರುತ್ತದೆ, ಬಂಡೆಗಳ ನಡುವಿನ ಸೆಳೆತ ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ.