ವಾರಕ್ಕೆ ಹತ್ತು ಲಕ್ಷ ಡಾಲರ್ ಬಂದರೂ ಬ್ರಾಡ್‌ವೇ ನಾಟಕ ಮುಚ್ಚುವುದೇಕೆ?

ಓದುಗರ ಪ್ರಶ್ನೆ: ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ವಾರಕ್ಕೆ ಹತ್ತು ಲಕ್ಷ ಡಾಲರ್‌ನಷ್ಟು ಗಳಿಸುತ್ತಿದ್ದ ಸಂಗೀತ ನಾಟಕಗಳೂ ನಷ್ಟದಿಂದ ಮುಚ್ಚಿದವೆಂದು ಓದುತ್ತೇವೆ. ಅಷ್ಟು ಹಣ ಎಲ್ಲಿಗೆ ಹೋಗುತ್ತದೆ?

ಉತ್ತರ: ನಮಗೆಲ್ಲ ರೂಢಿಯಾಗಿರುವುದು ಸಿನಿಮಾದ ಲೆಕ್ಕ. ಚಿತ್ರ ಒಮ್ಮೆ ಸಿದ್ಧವಾಗಿ ತೆರೆಕಂಡ ಮೇಲೆ, ಅದು ಎಷ್ಟು ವಾರ ಓಡಿದರೂ ನಟರಿಗಾಗಲಿ ವಾದ್ಯವೃಂದಕ್ಕಾಗಲಿ ಪ್ರತಿ ಪ್ರದರ್ಶನಕ್ಕೂ ಹೊಸದಾಗಿ ಸಂಬಳ ಕೊಡಬೇಕಿಲ್ಲ. ನಾಟಕಕ್ಕೆ ಈ ಅನುಕೂಲವಿಲ್ಲ. ಬ್ರಾಡ್‌ವೇಯಲ್ಲಿ ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರದರ್ಶನಗಳು. ಕಲಾವಿದರು, ವಾದ್ಯಗಾರರು, ರಂಗಸಜ್ಜಿಕೆ ಮತ್ತು ವಸ್ತ್ರಾಲಂಕಾರದ ಕೆಲಸಗಾರರ ಸಂಬಳ, ರಂಗಮಂದಿರದ ಬಾಡಿಗೆ, ಜಾಹೀರಾತು, ಕೃತಿಕಾರರ ರಾಯಲ್ಟಿ ಇವೆಲ್ಲವನ್ನೂ ವಾರವಾರವೂ ತೆರಬೇಕು. ಪತ್ರಿಕೆಗಳಲ್ಲಿ ಬರುವ ಗಳಿಕೆಯ ಅಂಕಿ ಈ ಖರ್ಚನ್ನು ಕಳೆಯುವುದಕ್ಕೆ ಮೊದಲಿನದು.

ಇದಕ್ಕೆ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ನಾಟಕಕ್ಕಿಂತ ಒಳ್ಳೆಯ ನಿದರ್ಶನ ಸಿಗದು. 1988ರ ಜನವರಿಯಲ್ಲಿ ಮೆಜೆಸ್ಟಿಕ್ ಥಿಯೇಟರ್‌ನಲ್ಲಿ ಆರಂಭವಾಗಿ 13,981 ಪ್ರದರ್ಶನ ಕಂಡ ಈ ನಾಟಕದ ಬ್ರಾಡ್‌ವೇ ಗಳಿಕೆಯೇ 130 ಕೋಟಿ ಡಾಲರ್ ದಾಟಿತ್ತು. ಆದರೆ ಕೋವಿಡ್ ನಂತರ ಅದರ ವಾರದ ಖರ್ಚು ಸುಮಾರು ಒಂಬತ್ತೂವರೆ ಲಕ್ಷ ಡಾಲರ್‌ಗೆ ಏರಿತ್ತು, ಗಳಿಕೆಯಾದರೋ ಕೆಲವು ವಾರ ಹತ್ತು ಲಕ್ಷ ಮೀರುತ್ತಿತ್ತು, ಕೆಲವು ವಾರ ಎಂಟೂವರೆ ಲಕ್ಷಕ್ಕೆ ಕುಸಿಯುತ್ತಿತ್ತು. ಅಂಥ ಒಂದು ವಾರದ ನಷ್ಟವನ್ನು ತುಂಬಲು ಎರಡು ಒಳ್ಳೆಯ ವಾರಗಳು ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಮುಚ್ಚುವ ಪ್ರಕಟಣೆ ಹೊರಬಿದ್ದದ್ದೇ ತಡ, ಟಿಕೆಟ್‌ಗೆ ಜನ ಮುಗಿಬಿದ್ದರು. ಫೆಬ್ರವರಿಗೆ ನಿಗದಿಯಾಗಿದ್ದ ಕೊನೆಯ ಪ್ರದರ್ಶನ 2023ರ ಏಪ್ರಿಲ್ 16ಕ್ಕೆ ಹೋಯಿತು, ಕೊನೆಯ ವಾರ ಮೂವತ್ತು ಲಕ್ಷ ಡಾಲರ್‌ಗೂ ಮೀರಿ ಬಂತು. ವಿದಾಯದ ವಾರದ ಈ ಅಂಕಿಯನ್ನು ಹಿಡಿದು "ಇಷ್ಟು ಗಳಿಸುವುದನ್ನು ಮುಚ್ಚಿದ್ದೇಕೆ" ಎಂದು ಕೇಳಿದವರೂ ಇರಬಹುದು. ಆದರೆ ಮುಚ್ಚುತ್ತದೆಂಬ ಕಾರಣಕ್ಕೇ ಬಂದ ಹಣವದು.

ವಾರದ ಖರ್ಚಿನ ಹಿಂದೆ ಮೂಲ ಬಂಡವಾಳವೆಂಬ ಇನ್ನೊಂದು ಹೊರೆಯಿರುತ್ತದೆ. 2011ರಲ್ಲಿ ಅಧಿಕೃತವಾಗಿ ಆರಂಭವಾದ 'ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್' ನಾಟಕವನ್ನು ರಂಗಕ್ಕೆ ತರಲು ಸುಮಾರು ಏಳೂವರೆ ಕೋಟಿ ಡಾಲರ್ ಖರ್ಚಾಗಿತ್ತು. ಅದೇ ವರ್ಷಾಂತ್ಯದ ರಜೆಯ ವಾರ ಇಪ್ಪತ್ತೊಂಬತ್ತು ಲಕ್ಷ ಡಾಲರ್ ಗಳಿಸಿ ಅದು ಅಂದಿನ ದಾಖಲೆ ಬರೆಯಿತು. ಆದರೆ ಪಾತ್ರಧಾರಿಗಳನ್ನು ಪ್ರೇಕ್ಷಕರ ತಲೆಯ ಮೇಲೆ ಹಾರಿಸುವ ಆ ನಾಟಕದ ವಾರದ ಖರ್ಚೇ ಹತ್ತು ಲಕ್ಷ ದಾಟುತ್ತಿದ್ದುದರಿಂದ, 2014ರ ಜನವರಿಯಲ್ಲಿ ಪರದೆ ಬಿದ್ದಾಗ ಬಂಡವಾಳದ ಬಹುಪಾಲು ಹೂಡಿದವರ ಕೈಗೆ ಮರಳಿರಲಿಲ್ಲ.

ಹಾಗಾದರೆ ಗೆದ್ದ ನಾಟಕದ ಲೆಕ್ಕ ಹೇಗಿರುತ್ತದೆ? 'ಹ್ಯಾಮಿಲ್ಟನ್' ನಾಟಕದ ಬಂಡವಾಳ ಒಂದೂಕಾಲು ಕೋಟಿ ಡಾಲರ್ ಮಾತ್ರ. ರಿಚರ್ಡ್ ರಾಜರ್ಸ್ ಥಿಯೇಟರ್‌ನಲ್ಲಿರುವುದು 1,319 ಆಸನಗಳು, ಅಂದರೆ ಎಂಟು ಪ್ರದರ್ಶನಕ್ಕೆ 10,552. 2016ರ ಕೊನೆಯ ವಾರ ಅಲ್ಲಿ 33 ಲಕ್ಷ ಡಾಲರ್ ಬಂದಿತೆಂದರೆ ಸರಾಸರಿ ಟಿಕೆಟ್ 300 ಡಾಲರ್‌ಗೂ ಹೆಚ್ಚಿಗೆ ಮಾರಾಟವಾಗಿರಬೇಕು. ಆ ವರ್ಷ ಅದರ ಅತ್ಯುತ್ತಮ ಆಸನಗಳ ದರ 849 ಡಾಲರ್‌ಗೆ ಏರಿತ್ತು. ಕಾಳಸಂತೆಯಲ್ಲಿ ಟಿಕೆಟ್ ಇನ್ನೂ ದುಬಾರಿಗೆ ಮಾರಾಟವಾಗುವಾಗ ಆ ಲಾಭ ನಾಟಕದವರಿಗೇ ಏಕೆ ಬರಬಾರದು ಎಂಬ ತರ್ಕ ಇದರ ಹಿಂದಿದೆ. 2001ರಲ್ಲಿ 'ದಿ ಪ್ರೊಡ್ಯೂಸರ್ಸ್' ನಾಟಕ 480 ಡಾಲರ್‌ನ ಟಿಕೆಟ್ ಮಾರಿದಂದಿನಿಂದ ಈ ಪದ್ಧತಿ ಬೇರೂರಿದೆ. ಪ್ರೇಕ್ಷಕನ ಜೇಬಿಗೆ ಅದರಿಂದೇನೂ ಸಮಾಧಾನವಿಲ್ಲವೆನ್ನಿ.

ನಿರ್ಮಾಪಕರು ಮತ್ತು ರಂಗಮಂದಿರಗಳ ಮಾಲೀಕರ ಸಂಘವಾದ ಬ್ರಾಡ್‌ವೇ ಲೀಗ್ ಪ್ರತಿ ವಾರ ಪ್ರಕಟಿಸುವ ಪಟ್ಟಿಯಲ್ಲಿ ಒಟ್ಟು ಗಳಿಕೆಯ ಜೊತೆಗೆ ಆಸನಗಳು ಶೇಕಡಾ ಎಷ್ಟು ತುಂಬಿದವು ಎಂಬುದೂ ಸರಾಸರಿ ಟಿಕೆಟ್ ದರವೂ ಇರುತ್ತವೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಸರಾಸರಿ ದರ. ಟೈಮ್ಸ್ ಸ್ಕ್ವೇರ್‌ನ ಟಿಕೆಟಿಎಸ್ ಕಟ್ಟೆಯಲ್ಲಿ ಅಂದಂದಿನ ಟಿಕೆಟ್ ಅರ್ಧ ಬೆಲೆಗೂ ಸಿಗುವುದರಿಂದ, ಶೇಕಡಾ 95ರಷ್ಟು ಆಸನ ತುಂಬಿದ ನಾಟಕವೂ ಖರ್ಚು ಹುಟ್ಟದೆ ಒದ್ದಾಡುತ್ತಿರಬಹುದು. ವಾರದ ಖರ್ಚಿನ ಅಂಕಣ ಮಾತ್ರ ಆ ಪಟ್ಟಿಯಲ್ಲಿಲ್ಲ. ಬಂಡವಾಳ ಮರಳಿತೆಂದು ನಿರ್ಮಾಪಕರೇ ಪ್ರಕಟಿಸುವವರೆಗೆ ಹೊರಗಿನವರು ಲಾಭನಷ್ಟವನ್ನು ಅಂದಾಜಿಸಬಹುದೇ ಹೊರತು ಖಚಿತವಾಗಿ ಹೇಳಲಾಗದು.