ಬಿರಡೆಯ ಮೇಲೆ 15 ಕಿಲೋ

ಗೋಲಿ ಸೋಡಾ ತೆಗೆಯುವಾಗ ಹೆಬ್ಬೆರಳು ನೋಯುತ್ತಿತ್ತು, ನೆನಪಿದೆಯಾ? ಅಂಗಡಿಯವರು ಮರದ ತುಂಡಿಟ್ಟು ಒಂದೇ ಏಟಿಗೆ ಗೋಲಿಯನ್ನು ಕೆಳಗಿಳಿಸುತ್ತಿದ್ದರು. ನಾವು ಹುಡುಗರು ಬೆರಳಲ್ಲೇ ಒತ್ತಲು ಹೋಗಿ ಸೋಲುತ್ತಿದ್ದೆವು. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಬಾಟಲಿಯ ಬಾಯಲ್ಲಿರುವ ರಬ್ಬರ್ ಉಂಗುರದ ತೂತು ಒಂದು ಸೆಂ.ಮೀ. ಅಗಲ, ಒಳಗಿನ ಒತ್ತಡ ಹೊರಗಿನದಕ್ಕಿಂತ 3 ವಾತಾವರಣದಷ್ಟು (ಒಂದು ವಾತಾವರಣ ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಜಾಸ್ತಿ ಅಂದುಕೊಳ್ಳಿ. ಆಗ ಗೋಲಿಯನ್ನು ಸುಮಾರು ಎರಡೂವರೆ ಕಿಲೋ ತೂಕದಷ್ಟು ಬಲ ಮೇಲಕ್ಕೆ ನೂಕುತ್ತಿರುತ್ತದೆ. ಅಷ್ಟನ್ನೂ ಒಂದು ಬೆರಳು ಎದುರಿಸಬೇಕು.

ಈ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ಇದರಲ್ಲಿ ಗೋಲಿಯನ್ನು ಹಿಡಿದಿಡಲು ತಂತಿಯಿಲ್ಲ, ಅಂಟಿಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿದಾಗ ಗೋಲಿ ಬಾಯಿಗೆ ಉರುಳಿ ಬರುತ್ತದೆ, ಗ್ಯಾಸು ಅದನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಮುಚ್ಚಳ ಬಿಗಿ. ನನ್ನ ಪ್ರಕಾರ ಇದಕ್ಕಿಂತ ಜಾಣ ಮುಚ್ಚಳ ಇನ್ನೊಂದಿಲ್ಲ.

ಕಾರ್ಕಿನ ಬಿರಡೆಯದು ಉಲ್ಟಾ. ಒಳಗೆ ಒತ್ತಡ ಏರಿದಷ್ಟೂ ಅದು ಹೊರಗೆ ಹಾರಲು ನೋಡುತ್ತದೆ. ಶಾಂಪೇನ್ ಬಾಟಲಿಯೊಳಗೆ ಸುಮಾರು 6 ವಾತಾವರಣದ ಒತ್ತಡ ಇರುತ್ತದೆ, ಅಂದರೆ ಸ್ಕೂಟರ್ ಟೈರಿನ ಮೂರು ಪಟ್ಟು. ಕತ್ತಿನ ಒಳಗಲ ಸುಮಾರು 18 ಮಿ.ಮೀ. ಹಾಗಾದರೆ ಬಿರಡೆಯನ್ನು ಕೆಳಗಿನಿಂದ ನೂಕುವ ಬಲ ಹತ್ತಿರ ಹತ್ತಿರ 15 ಕಿಲೋ. ಇಷ್ಟನ್ನು ಬರೀ ತಿಕ್ಕಾಟ ತಡೆಯಲಾರದು. ಅದಕ್ಕೇ ಮೇಲೊಂದು ತಂತಿಯ ಬುಟ್ಟಿ. 1844ರಲ್ಲಿ ಅಡಾಲ್ಫ್ ಜಾಕೆಸೋನ್ ಇದಕ್ಕೆ ಪೇಟೆಂಟ್ ಮಾಡಿಸಿದ. ಇವತ್ತಿಗೂ ಅದನ್ನು ಬಿಚ್ಚಲು ಆರು ಅರೆಸುತ್ತು ತಿರುಗಿಸಬೇಕು.

ಬಿರಡೆಯನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಣಬೆಯ ಆಕಾರ, ಅಲ್ವಾ? ಆದರೆ ಹುಟ್ಟುವಾಗ ಅದು ನೆಟ್ಟನೆಯ ಉರುಳೆ, 31 ಮಿ.ಮೀ. ದಪ್ಪ. ಅದನ್ನು ಹಿಸುಕಿ, 18ರ ಕತ್ತಿಗೆ ಅರ್ಧ ತುರುಕುತ್ತಾರೆ. ಹೊರಗುಳಿದ ಅರ್ಧ ಹಳೆಯ ದಪ್ಪದಲ್ಲೇ ಉಳಿದು ಟೋಪಿಯಾಗುತ್ತದೆ. ರಬ್ಬರನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಕಾರ್ಕ್ ಹಾಗೆ ಉಬ್ಬುವುದೇ ಇಲ್ಲ ಎನ್ನಬಹುದು. ಏಕೆಂದರೆ ಅದರ ಬಹುಪಾಲು ಸಣ್ಣ ಸಣ್ಣ ಗೂಡುಗಳಲ್ಲಿ ಸೆರೆಯಾದ ಗಾಳಿ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡು 'ಸೆಲ್' ಎಂದು ಹೆಸರಿಟ್ಟದ್ದು ಇದೇ ಗೂಡುಗಳಿಗೆ. ಜೀವಕೋಶ ಎಂಬ ಮಾತು ಜೀವಶಾಸ್ತ್ರಕ್ಕೆ ಬಂದದ್ದು ಬಿರಡೆಯ ಚೂರಿನಿಂದ!

ಹಾಗಂತ ಮನೆಯಲ್ಲಿ ಶುಂಠಿ ಸೋಡಾ ಮಾಡುವವರಿಗೆ ಬಿರಡೆ ಬೇಡ. ಅದನ್ನು ಹಿಸುಕಿ ತುರುಕಲು ಯಂತ್ರ ಬೇಕು, ತಂತಿ ಬೇಕು, ಒಮ್ಮೆ ತೆಗೆದದ್ದು ಮತ್ತೆ ಕೂರುವುದಿಲ್ಲ. ತಮಾಷೆಯೆಂದರೆ, ನೊರೆ ಹುಟ್ಟುವ ತಿಂಗಳುಗಳಲ್ಲಿ ಶಾಂಪೇನ್ ಮಾಡುವವರೂ ಹೆಚ್ಚಾಗಿ ಹಾಕುವುದು ಕ್ರೌನ್ ಮುಚ್ಚಳವನ್ನೇ. ಬಿರಡೆ ಬರುವುದು ಕೊನೆಗೆ.

ಕ್ರೌನ್ ಅಂದರೆ ಓಪನರ್‌ನಿಂದ ಎತ್ತುವ ಹಲ್ಲಿನ ಮುಚ್ಚಳ. ಅಮೆರಿಕದ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದದ್ದು. ಮೊದಲು 24 ಹಲ್ಲಿದ್ದವು, ಈಗ ಎಣಿಸಿದರೆ 21. ಹಲ್ಲುಗಳು ಬಾಟಲಿಯ ತುಟಿಯನ್ನು ಕಚ್ಚಿ ಹಿಡಿಯುತ್ತವೆ. ಗ್ಯಾಸನ್ನು ತಡೆಯುವುದು ಮಾತ್ರ ಒಳಗಿನ ತೆಳು ಪ್ಲಾಸ್ಟಿಕ್ ಪದರ. ಅದು ಒಮ್ಮೆ ಒತ್ತಿಸಿಕೊಂಡರೆ ಮುಗಿಯಿತು, ಹಳೆಯ ಮುಚ್ಚಳವನ್ನು ಬಡಿದು ಮತ್ತೆ ಹಾಕಬೇಡಿ.

ನಾನು ಮೊದಲು ಕೊಂಡದ್ದು ಇದ್ಯಾವುದನ್ನೂ ಅಲ್ಲ. ನೋಡಲು ಚೆಂದ ಅಂತ ಚೌಕದ ಗಾಜಿನ ಬಾಟಲಿ, ತಂತಿಯ ಲಿವರ್‌ನಿಂದ ಬಿಗಿಯುವ ಪಿಂಗಾಣಿ ಮುಚ್ಚಳ. ಏಪ್ರಿಲ್ ತಿಂಗಳು. ಶುಂಠಿ ಸೋಡಾ ತುಂಬಿ, ಅಡುಗೆಮನೆಯ ಕಪಾಟಿನಲ್ಲಿಟ್ಟು, ಎರಡು ದಿನ ಮದುವೆಗೆ ಹೋಗಿ ಬಂದೆ. ಕಪಾಟಿನ ತುಂಬ ಗಾಜು, ಗೋಡೆಯೆಲ್ಲ ಅಂಟು. ಚೂರುಗಳ ನಡುವೆ ಕತ್ತು ಸಿಕ್ಕಿತು. ಮುಚ್ಚಳ ಬಿಗಿಯಾಗಿ ಮುಚ್ಚಿಕೊಂಡೇ ಇತ್ತು.

ಆ ಕತ್ತು ನೋಡಿದ ಮೇಲೆ ನನ್ನ ಲೆಕ್ಕಾಚಾರವೇ ಬದಲಾಯಿತು. ಸೋರದ ಮುಚ್ಚಳ ಹುಡುಕುತ್ತಿದ್ದೆ. ಹುಡುಕಬೇಕಿದ್ದದ್ದು ಗಾಜಿಗಿಂತ ಮೊದಲು ಸೋಲುವ ಮುಚ್ಚಳ. ಜತೆಗೆ ದುಂಡು ಬಾಟಲಿ, ಏಕೆಂದರೆ ಚೌಕದಲ್ಲಿ ಗಾಜಿನ ಮೇಲಿನ ಎಳೆತವೆಲ್ಲ ಮೂಲೆಗಳಿಗೆ ಬಂದು ಕೂರುತ್ತದೆ.

ಸಕ್ಕರೆಯ ಲೆಕ್ಕವೂ ತಪ್ಪಿತ್ತು. ಲೀಟರಿಗೆ 4 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯನ್ನು ಯೀಸ್ಟ್ (ಹುದುಗು ಬರಿಸುವ ಸೂಕ್ಷ್ಮಜೀವಿ) ತಿಂದರೆ ಸುಮಾರು ಒಂದು ಲೀಟರ್ ಗ್ಯಾಸು ಬರುತ್ತದೆ. ಒಳ್ಳೆಯ ನೊರೆಗೆ ಎರಡು ಮೂರು ಚಮಚ ಸಾಕು. ಸಿಹಿಗೆಂದು ನಾನು ಹಾಕಿದ್ದು 80 ಗ್ರಾಂ. ಅಷ್ಟನ್ನೂ ತಿಂದು ಮುಗಿಸಿದರೆ 20 ಲೀಟರ್ ಗ್ಯಾಸು, ಶಾಂಪೇನ್ ಬಾಟಲಿಯೂ ತಡೆಯದು. ಸಾಲದ್ದಕ್ಕೆ ಬಿಸಿಲು. ಫ್ರಿಜ್ಜಿನ ಚಳಿಯಲ್ಲಿ ನೀರಿನಲ್ಲಿ ಕರಗಿ ಕೂರುವ ಗ್ಯಾಸು ಬೇಸಿಗೆಯ ಅಡುಗೆಮನೆಯಲ್ಲಿ ಹೊರಬರುತ್ತದೆ. ಅದೇ ಪಾನೀಯ, ಒತ್ತಡ ಮಾತ್ರ ಸುಮಾರು ಎರಡು ಪಟ್ಟು.

ಈಗ ನಾನು ತುಂಬುವುದು ಸೋಡಾ, ಕೋಲಾ ಬರುವ ಪ್ಲಾಸ್ಟಿಕ್ ಬಾಟಲಿಗೆ. ತಳದಲ್ಲಿ ಹೂವಿನ ಎಸಳಿನಂತೆ ಐದು ಕಾಲು ಇರುತ್ತದಲ್ಲ, ಅದು. ಸುಮ್ನೆ ನೀರಿನ ಬಾಟಲಿ ಆಗುವುದಿಲ್ಲ. ನೆಂಟರು ಬರುವಾಗ ಗಾಜೇ ಬೇಕೆನಿಸಿದರೆ ದಪ್ಪ, ದುಂಡು ಬಾಟಲಿಗೆ ಕ್ರೌನ್ ಹಾಕುತ್ತೇನೆ. ಅದೇ ದಿನ, ಅದೇ ಪಾತ್ರೆಯಿಂದ ಒಂದು ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿ ಪಕ್ಕದಲ್ಲಿಡುತ್ತೇನೆ. ಬೆಳಿಗ್ಗೆ, ಸಂಜೆ ಅದನ್ನು ಹೆಬ್ಬೆರಳಿಂದ ಒತ್ತಿ ನೋಡುವುದು. ತಗ್ಗದೆ ಕಲ್ಲಿನಂತಾದ ದಿನ ಎಲ್ಲವೂ ಫ್ರಿಜ್ಜಿಗೆ.